ಎಲೆಯಡಿಯ ಲೋಕ

ಮೈಸೂರಿಗೆ ದಕ್ಷಿಣದಲ್ಲಿ, ಕಪಿಲೆಯ ದಡದ ಮೇಲೆ ನಂಜನಗೂಡು ಇದೆ. ಅಲ್ಲಿಂದ ಹೊಳೆಯ ಹರಿವಿನೊಡನೆ ಮೂಡಣ ದಿಕ್ಕಿಗೆ ಸಾಗಿದರೆ ತಿರುಮಕೂಡಲು ನರಸೀಪುರ. ಕಪಿಲೆಯು ಕಾವೇರಿಯಲ್ಲಿ ಬೆರೆಯುವುದು ಅಲ್ಲಿಯೇ. ಈ ಎರಡು ತಾಲ್ಲೂಕುಗಳ ನೆಲ ಬಹುಬಗೆಯ ಬೆಳೆಗಳಿಗೆ ತೌರುಮನೆ. ನಾಲೆಯ ನೀರು ಹರಿಯುವಲ್ಲಿ ಬತ್ತ ಮತ್ತು ಕಬ್ಬು, ಅದರಾಚೆಗೆ ಬಾಳೆ ಮತ್ತು ತೆಂಗು, ಬಾವಿಯ ಆಸರೆಯಿರುವಲ್ಲಿ ಹಿಪ್ಪುನೇರಳೆ. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಟಿಪ್ಪು ಸುಲ್ತಾನನ ಕಾಲದಲ್ಲಿ ಮೈಸೂರು ಸೀಮೆಗೆ ಬಂದ ರೇಷ್ಮೆಯ ಕಸುಬು ಇಂದಿಗೂ ಇಲ್ಲಿ ಅನೇಕ ಸಂಸಾರಗಳನ್ನು ಸಲಹುತ್ತಿದೆ. ತಿ. ನರಸೀಪುರದಲ್ಲಿ ರೇಷ್ಮೆ ನೂಲು ಬಿಚ್ಚುವ ಸರ್ಕಾರಿ ಕಾರ್ಖಾನೆಯೂ ಉಂಟು.

ರೇಷ್ಮೆ ಬೆಳೆಗಾರನ ಭಾಗ್ಯವೆಲ್ಲ ಹಿಪ್ಪುನೇರಳೆಯ ಸೊಪ್ಪಿನಲ್ಲಿದೆ. ಸೊಪ್ಪು ಚೆನ್ನಾಗಿದ್ದರೆ ಹುಳು ಚೆನ್ನ. ಹುಳು ಚೆನ್ನಾಗಿದ್ದರೆ ಗೂಡು ಚೆನ್ನ. ಗೂಡು ಚೆನ್ನಾಗಿದ್ದರೆ ಮನೆಯ ಸಾಲ ತೀರೀತು, ಮಕ್ಕಳ ಓದು ಸಾಗೀತು. ಆದರೆ ಬಿಸಿಲು ಬಲಿಯುವ ತಿಂಗಳುಗಳಲ್ಲಿ ಒಮ್ಮೊಮ್ಮೆ ವಿಚಿತ್ರವಾದ ಕೇಡು ಕಾಣಿಸಿಕೊಳ್ಳುತ್ತದೆ. ಹಸಿರಾಗಿ ನಳನಳಿಸಬೇಕಾದ ಎಲೆಯ ಮೇಲೆ ಸೂಜಿಯಿಂದ ಚುಚ್ಚಿದಂತೆ ಬಿಳಿಯ ಚುಕ್ಕೆಗಳು ಮೂಡುತ್ತವೆ. ಚುಕ್ಕೆಗಳು ಕೂಡಿ ಮಚ್ಚೆಗಳಾಗುತ್ತವೆ. ಎಲೆ ಹಳದಿಗೆ ತಿರುಗಿ, ಕಂದಿ, ಒಣಗಿ ಉದುರುತ್ತದೆ. ಅಂಥ ಎಲೆಯಲ್ಲಿ ನೀರಿನ ಅಂಶವೂ ಕಡಿಮೆ, ಪೌಷ್ಟಿಕಾಂಶವೂ ಕಡಿಮೆ. ರೇಷ್ಮೆಹುಳು ಅದನ್ನು ಮನಸಾರೆ ಮೇಯುವುದಿಲ್ಲ. ಎಲೆಯನ್ನು ಕಡಿದ ಹುಳುವಾವುದೂ ಕಣ್ಣಿಗೆ ಬೀಳದು. ಹಾಗಾದರೆ ಕಳ್ಳನು ಯಾರು?

ಕಳ್ಳನು ಎಲೆಯ ಅಡಿಯಲ್ಲಿಯೇ ಇದ್ದಾನೆ. ಎಲೆಯನ್ನು ಮಗುಚಿ ಭೂತಗನ್ನಡಿಯನ್ನು ಹಿಡಿದು ನೋಡಿದರೆ ತೆಳುವಾದ ಬಲೆಯ ನಡುವೆ ಕೆಂಪು ಅಥವಾ ಹಸುರು ಮಿಶ್ರವಾದ ಹಳದಿ ಬಣ್ಣದ ಚುಕ್ಕೆಗಳು ಓಡಾಡುವುದು ಕಾಣುತ್ತದೆ. ಇವೇ ನುಸಿಗಳು. ಬಲೆ ನೇಯುವುದರಿಂದ ಇವುಗಳಿಗೆ ಜೇಡನುಸಿ ಎಂಬ ಹೆಸರು ಬಂದಿದೆ. ಪೂರ್ಣವಾಗಿ ಬೆಳೆದ ಹೆಣ್ಣು ನುಸಿಯ ಉದ್ದ ಸುಮಾರು ಅರ್ಧ ಮಿಲಿಮೀಟರು. ಗಂಡು ಅದಕ್ಕಿಂತಲೂ ಕಿರಿದು.

ನುಸಿಯನ್ನು ನಾವು ಹುಳುವೆಂದು ಕರೆದರೂ ಶಾಸ್ತ್ರೀಯವಾಗಿ ಅದು ಕೀಟವಲ್ಲ. ಕೀಟಕ್ಕೆ ಆರು ಕಾಲು, ತಲೆ, ಎದೆ, ಹೊಟ್ಟೆ ಎಂಬ ಮೂರು ಭಾಗಗಳು, ಹಲವಕ್ಕೆ ರೆಕ್ಕೆ. ಬೆಳೆದ ಜೇಡನುಸಿಗೆ ಎಂಟು ಕಾಲು, ದೇಹವೆಲ್ಲ ಒಂದೇ ಮುದ್ದೆ, ರೆಕ್ಕೆಯಿಲ್ಲ, ಮೀಸೆಯಿಲ್ಲ. ಜೇಡ, ಚೇಳು, ದನಗಳ ಮೈಗೆ ಹತ್ತುವ ಉಣ್ಣೆ ಇವು ಅದರ ಬಂಧುಗಳು. ಪ್ರಪಂಚದಲ್ಲಿ ಇದುವರೆಗೆ ವಿಜ್ಞಾನಿಗಳು ವರ್ಣಿಸಿರುವ ನುಸಿ ಮತ್ತು ಉಣ್ಣೆಗಳ ಪ್ರಭೇದಗಳು 50,000ಕ್ಕೂ ಹೆಚ್ಚು. ಮಣ್ಣಿನಲ್ಲಿ, ನೀರಿನಲ್ಲಿ, ಹಕ್ಕಿಯ ಪುಕ್ಕದಲ್ಲಿ, ನಮ್ಮ ಮನೆಯ ದೂಳಿನಲ್ಲಿ, ಎಲ್ಲೆಲ್ಲಿಯೂ ಅವು ಇವೆ. ಬಹುಪಾಲು ನುಸಿಗಳು ಮನುಷ್ಯನಿಗೆ ಕೇಡು ಮಾಡುವುದಿಲ್ಲ. ಕೇಡು ಮಾಡುವ ಕೆಲವು ಮಾತ್ರ ಬಹಳ ಕೇಡು ಮಾಡುತ್ತವೆ. ಜೇಡನುಸಿಯ ಬಾಯಲ್ಲಿ ಸೂಜಿಯಂಥ ಎರಡು ಕಡ್ಡಿಗಳಿವೆ. ಅವುಗಳಿಂದ ಎಲೆಯ ಜೀವಕೋಶವನ್ನು ಚುಚ್ಚಿ, ಒಳಗಿನ ಪತ್ರಹರಿತ್ತನ್ನೂ ರಸವನ್ನೂ ಅದು ಹೀರುತ್ತದೆ. ಬರಿದಾದ ಕೋಶಗಳೇ ನಮಗೆ ಕಾಣುವ ಬಿಳಿಯ ಚುಕ್ಕೆಗಳು.

ವೈರಿಯನ್ನು ಗೆಲ್ಲಬೇಕಾದರೆ ಮೊದಲು ಅವನ ಮನೆಯ ವಾರ್ತೆಯನ್ನು ತಿಳಿಯಬೇಕು. ಅವನು ಹುಟ್ಟುವುದು ಹೇಗೆ, ಬೆಳೆಯಲು ಎಷ್ಟು ದಿನ ಬೇಕು, ಎಷ್ಟು ಮಕ್ಕಳನ್ನು ಪಡೆಯುತ್ತಾನೆ, ಎಂದು ದುರ್ಬಲನಾಗಿರುತ್ತಾನೆ ಎಂಬುದನ್ನು ಅರಿಯಬೇಕು. ಹೊಲದಲ್ಲಿ ನಿಂತು ಇದನ್ನು ಅರಿಯುವುದು ಅಸಾಧ್ಯ. ಒಂದು ಎಲೆಯ ಅಡಿಯಲ್ಲಿ ನೂರಾರು ನುಸಿಗಳು ಬೆರೆತಿರುವಾಗ ಯಾವ ಮೊಟ್ಟೆ ಯಾರದು, ಯಾವ ಮರಿ ಎಂದಿನದು ಎಂದು ಹೇಳುವವರು ಯಾರು? ಆದ್ದರಿಂದಲೇ ವಿಜ್ಞಾನಿಯು ನುಸಿಯನ್ನು ಪ್ರಯೋಗಾಲಯಕ್ಕೆ ತಂದು ಸಾಕುತ್ತಾನೆ.

ಸಾಕುವ ಕ್ರಮ ಬಹಳ ಸರಳ. ಅಗಲವಾದ ಗಾಜಿನ ತಟ್ಟೆಯಲ್ಲಿ ಹತ್ತಿಯನ್ನು ಹರಡಿ ನೀರಿನಿಂದ ಚೆನ್ನಾಗಿ ನೆನೆಸುತ್ತಾರೆ. ಹಿಪ್ಪುನೇರಳೆಯ ಎಲೆಯಿಂದ ನಾಣ್ಯದಂಥ ದುಂಡು ತುಂಡುಗಳನ್ನು ಕತ್ತರಿಸಿ, ಅಡಿಭಾಗ ಮೇಲಾಗುವಂತೆ ಆ ಒದ್ದೆ ಹತ್ತಿಯ ಮೇಲೆ ಇಡುತ್ತಾರೆ. ಹತ್ತಿಯ ನೀರು ಎಲೆಯನ್ನು ಕೆಲವು ದಿನಗಳವರೆಗೆ ಹಸಿಯಾಗಿ ಇರಿಸುತ್ತದೆ. ಅದೇ ನೀರು ಎಲೆಯ ಸುತ್ತಲಿನ ಕಂದಕವೂ ಆಗುತ್ತದೆ. ನುಸಿಯು ಅದನ್ನು ದಾಟಿ ಹೋಗಲಾರದು. ಹೀಗೆ ಪ್ರತಿಯೊಂದು ಎಲೆಯ ತುಂಡೂ ಒಂದೊಂದು ಪುಟ್ಟ ದ್ವೀಪ. ನಯವಾದ ಕೂದಲಿನ ಸಣ್ಣ ಕುಂಚದ ತುದಿಯಿಂದ ಒಂದೊಂದು ದ್ವೀಪಕ್ಕೂ ಒಂದೊಂದು ಹೆಣ್ಣು ನುಸಿಯನ್ನು ಬಿಡುತ್ತಾರೆ. ಅದು ಒಂದು ಮೊಟ್ಟೆಯನ್ನು ಇಟ್ಟ ಮೇಲೆ ತಾಯಿಯನ್ನು ತೆಗೆದುಬಿಡುತ್ತಾರೆ. ಇನ್ನು ದಿನಕ್ಕೆ ಹಲವು ಬಾರಿ, ಗೊತ್ತಾದ ವೇಳೆಗೆ, ಸೂಕ್ಷ್ಮದರ್ಶಕದಲ್ಲಿ ಆ ಮೊಟ್ಟೆಯನ್ನು ನೋಡುತ್ತ ಬರೆದಿಡುವುದೇ ಕೆಲಸ. ರಾತ್ರಿಯಾಯಿತೆಂದು, ಹಬ್ಬ ಬಂತೆಂದು ನುಸಿಯು ನಿಲ್ಲುವುದಿಲ್ಲ. ಆದ್ದರಿಂದ ನೋಡುವವನೂ ನಿಲ್ಲುವಂತಿಲ್ಲ.

ಹೀಗೆ ನೋಡಿದಾಗ ತಿಳಿದುಬರುವ ಸಂಗತಿಗಳು ಇವು. ನುಸಿಯ ಮೊಟ್ಟೆ ಮುತ್ತಿನಂತೆ ದುಂಡಗಿದ್ದು ಸುಮಾರು 0.13 ಮಿಲಿಮೀಟರು ಅಡ್ಡಳತೆಯಿರುತ್ತದೆ. ಇಟ್ಟಾಗ ಅದು ನೀರ ಹನಿಯಂತೆ ಪಾರದರ್ಶಕ. ದಿನ ಕಳೆದಂತೆ ಮಬ್ಬಾಗಿ, ಒಡೆಯುವ ಮೊದಲು ಒಳಗಿನ ಮರಿಯ ಎರಡು ಕೆಂಪು ಕಣ್ಣುಗಳು ಹೊರಗಿನಿಂದಲೇ ಕಾಣುತ್ತವೆ. ನಮ್ಮ ಬೇಸಗೆಯ ಹವೆಯಲ್ಲಿ ಮೂರು ನಾಲ್ಕು ದಿನಗಳಲ್ಲಿ ಮೊಟ್ಟೆ ಒಡೆಯುತ್ತದೆ. ಹೊರಬಂದ ಮರಿಗೆ ಡಿಂಭವೆಂದು ಹೆಸರು. ಸೋಜಿಗವೆಂದರೆ ಅದಕ್ಕೆ ಇರುವುದು ಆರೇ ಕಾಲು. ನಾಲ್ಕನೆಯ ಜೊತೆಯ ಕಾಲುಗಳು ಅದಕ್ಕೆ ಇನ್ನೂ ದೊರೆತಿಲ್ಲ.

ಡಿಂಭವು ಸುಮಾರು ಒಂದು ದಿನ ರಸ ಹೀರಿ, ಬಳಿಕ ಎಲೆಯನ್ನು ಕಚ್ಚಿ ಹಿಡಿದಂತೆ ಅಲುಗದೆ ಕುಳಿತುಬಿಡುತ್ತದೆ. ಕಾಲುಗಳನ್ನು ಮಡಚಿಕೊಂಡು, ಮೇವು ಬಿಟ್ಟು, ಸತ್ತಂತೆ ಇರುತ್ತದೆ. ರೇಷ್ಮೆ ಸಾಕುವ ಮನೆಯ ಮಕ್ಕಳಿಗೆ ಈ ಸ್ಥಿತಿ ಹೊಸದಲ್ಲ. ರೇಷ್ಮೆಹುಳು ಪೊರೆ ಬಿಡುವ ಮೊದಲು ಸೊಪ್ಪು ತಿನ್ನದೆ ತಲೆಯೆತ್ತಿ ನಿಲ್ಲುವುದನ್ನು ನಮ್ಮ ರೈತರು ಜ್ವರವೆಂದು ಕರೆಯುತ್ತಾರೆ. ರೇಷ್ಮೆಹುಳುವಿಗೆ ನಾಲ್ಕು ಜ್ವರ, ಜೇಡನುಸಿಗೆ ಮೂರು. ಜ್ವರದ ಕೊನೆಯಲ್ಲಿ ಹಳೆಯ ಪೊರೆಯ ಕೆಳಗೆ ಗಾಳಿ ಸೇರಿ ನುಸಿಯು ಬೆಳ್ಳಿಯಂತೆ ಹೊಳೆಯುತ್ತದೆ. ಅನಂತರ ಪೊರೆಯು ನಡುವಿನಲ್ಲಿ ಅಡ್ಡಲಾಗಿ ಸೀಳಿ, ಮುಂಭಾಗವೊಂದು ಟೋಪಿಯಂತೆ, ಹಿಂಭಾಗವೊಂದು ಚೀಲದಂತೆ ಕಳಚುತ್ತದೆ. ಮೊದಲ ಜ್ವರ ಕಳೆದು ಎದ್ದ ಮರಿಗೆ ಎಂಟು ಕಾಲು. ಇದಕ್ಕೆ ಮೊದಲ ಅಪ್ಸರೆ ಎಂದು ಹೆಸರು. ಅದು ಮೇದು, ಮತ್ತೆ ಜ್ವರಕ್ಕೆ ಹೋಗಿ, ಎರಡನೆಯ ಅಪ್ಸರೆಯಾಗಿ ಏಳುತ್ತದೆ. ಅದೂ ಮೇದು, ಮೂರನೆಯ ಜ್ವರ ಕಳೆದು, ಪ್ರೌಢ ನುಸಿಯಾಗುತ್ತದೆ. ಮೊಟ್ಟೆಯಿಂದ ಪ್ರೌಢಾವಸ್ಥೆಯವರೆಗಿನ ಈ ಪ್ರಯಾಣಕ್ಕೆ 30 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಸುಮಾರು ಎಂಟು ದಿನಗಳು ಸಾಕು. 20 ಡಿಗ್ರಿಯಲ್ಲಿ ಹೆಚ್ಚುಕಡಿಮೆ ಅದರ ಎರಡರಷ್ಟು ಕಾಲ ಬೇಕಾಗುತ್ತದೆ. ಬೇಸಗೆಯಲ್ಲಿ ನುಸಿಯ ಕಾಟ ಏಕೆ ಏರುತ್ತದೆ ಎಂಬುದಕ್ಕೆ ಉತ್ತರದ ಒಂದು ಭಾಗ ಇಲ್ಲಿಯೇ ದೊರೆಯಿತು.

ಗಂಡು ನುಸಿಯು ಹೆಣ್ಣಿಗಿಂತ ಸ್ವಲ್ಪ ಮೊದಲೇ ಪ್ರೌಢವಾಗುತ್ತದೆ. ಪ್ರೌಢವಾದೊಡನೆ ಅದು ಮೂರನೆಯ ಜ್ವರದಲ್ಲಿರುವ ಹೆಣ್ಣನ್ನು ಹುಡುಕಿ, ಅದರ ಬಳಿಯಲ್ಲಿಯೇ ಕಾವಲು ಕೂರುತ್ತದೆ. ಇನ್ನೊಂದು ಗಂಡು ಬಂದರೆ ಮುಂಗಾಲುಗಳಿಂದ ತಳ್ಳಾಡಿ ಕಾದಾಡುವುದೂ ಉಂಟು. ಹೆಣ್ಣು ಪೊರೆ ಬಿಟ್ಟು ಹೊರಬಂದ ಗಳಿಗೆಯಲ್ಲಿಯೇ ಅವು ಕೂಡುತ್ತವೆ. ಒಂದೆರಡು ದಿನಗಳಲ್ಲಿ ಹೆಣ್ಣು ಮೊಟ್ಟೆಯಿಡಲು ಆರಂಭಿಸುತ್ತದೆ. ಒಳ್ಳೆಯ ಎಲೆ ದೊರೆತರೆ ತನ್ನ ಜೀವಮಾನದಲ್ಲಿ ಸುಮಾರು 100 ಮೊಟ್ಟೆಗಳನ್ನು ಇಡಬಲ್ಲದು.

ಈಗ ಪ್ರಯೋಗಾಲಯದ ಅತ್ಯಂತ ಕುತೂಹಲಕರವಾದ ಪರೀಕ್ಷೆಗೆ ಬರೋಣ. ಮೂರನೆಯ ಜ್ವರದಲ್ಲಿರುವ ಒಂದು ಹೆಣ್ಣನ್ನು ಗಂಡು ಸೋಕುವ ಮೊದಲೇ ಎತ್ತಿ, ಬೇರೆ ಎಲೆಯ ದ್ವೀಪದಲ್ಲಿ ಒಂಟಿಯಾಗಿ ಇಟ್ಟರೆ ಏನಾದೀತು? ಅದು ಬಂಜೆಯಾಗಿ ಉಳಿಯುವುದೆಂದು ನೀವು ಊಹಿಸಬಹುದು. ಹಾಗಾಗುವುದಿಲ್ಲ. ಗಂಡಿನ ಸಂಪರ್ಕವಿಲ್ಲದೆಯೇ ಅದು ಮೊಟ್ಟೆಯಿಡುತ್ತದೆ. ಮೊಟ್ಟೆಗಳು ಒಡೆದು ಮರಿಗಳಾಗುತ್ತವೆ. ಆದರೆ ಅವೆಲ್ಲವೂ ಗಂಡು! ಕೂಡಿದ ಹೆಣ್ಣಿನ ಮೊಟ್ಟೆಗಳಿಂದ ಹೆಣ್ಣೂ ಗಂಡೂ ಎರಡೂ ಹುಟ್ಟುತ್ತವೆ. ಸಾಮಾನ್ಯವಾಗಿ ಮೂರು ಹೆಣ್ಣಿಗೆ ಒಂದು ಗಂಡು ಎಂಬ ಪ್ರಮಾಣದಲ್ಲಿ. ಅಂದರೆ ಫಲಿತವಾದ ಮೊಟ್ಟೆಯಿಂದ ಹೆಣ್ಣು, ಫಲಿತವಾಗದ ಮೊಟ್ಟೆಯಿಂದ ಗಂಡು, ಇದು ನುಸಿಯ ಕುಲಧರ್ಮ. ಸಾಮಾನ್ಯ ಜೇಡನುಸಿಯ ಹೆಣ್ಣಿನ ಜೀವಕೋಶದಲ್ಲಿ ಆರು ವರ್ಣತಂತುಗಳಿದ್ದರೆ ಗಂಡಿನಲ್ಲಿ ಮೂರೇ ಇವೆ. ಆ ಮೂರೂ ತಾಯಿಯಿಂದ ಬಂದವು. ಗಂಡು ನುಸಿಗೆ ತಾಯಿಯುಂಟು, ತಂದೆಯಿಲ್ಲ. ತಾಯಿಯ ಕಡೆಯ ತಾತ ಮಾತ್ರ ಉಂಟು.

ಜೇನುಹುಳುವಿನಲ್ಲಿಯೂ ಇದೇ ಬಗೆಯ ವ್ಯವಸ್ಥೆಯಿದೆ. ಗಂಡು ಜೇನು ತಂದೆಯಿಲ್ಲದೆ ಹುಟ್ಟುತ್ತದೆಂದು ಯೋಹಾನ್ ಜಿಯರ್ಜೋನ್ ಎಂಬ ಪಾದ್ರಿಯು 1845ರಲ್ಲಿಯೇ ಸಾರಿದ್ದನು. ಜೇಡನುಸಿಯ ಗಂಡಿನಲ್ಲಿ ಅರ್ಧದಷ್ಟೇ ವರ್ಣತಂತುಗಳಿರುವುದನ್ನು ಜೀವಕೋಶ ವಿಜ್ಞಾನಿ ಫ್ರಾಂಜ್ ಶ್ರಾಡರ್ 1923ರಲ್ಲಿ ತೋರಿಸಿಕೊಟ್ಟನು. ಇದು ಕೇವಲ ವಿಚಿತ್ರವಲ್ಲ, ನುಸಿಯ ಪಾಲಿಗೆ ದೊಡ್ಡ ಬಲ. ಜೇಡನುಸಿಯು ಎಳೆಯೊಂದನ್ನು ಹಿಡಿದು ಗಾಳಿಯಲ್ಲಿ ತೇಲಿ ಹೊಸ ತೋಟವನ್ನು ಸೇರುವುದುಂಟು. ಹಾಗೆ ಸೇರಿದ ಒಂಟಿ ಹೆಣ್ಣು ಕೂಡದೆಯೇ ಬಂದಿದ್ದರೂ ವಂಶ ನಿಲ್ಲುವುದಿಲ್ಲ. ಮೊದಲು ಗಂಡುಮರಿಗಳನ್ನು ಪಡೆದು, ಅವು ಬೆಳೆದ ಮೇಲೆ ಅವುಗಳಲ್ಲಿ ಒಂದನ್ನೇ ಕೂಡಿ, ಹೆಣ್ಣುಮರಿಗಳನ್ನೂ ಪಡೆಯಬಲ್ಲದು. ಒಂದು ತೋಟ ಹಾಳಾಗಲು ಒಂದು ನುಸಿ ಸಾಕು.

ಇದನ್ನು ಲೆಕ್ಕದಿಂದಲೇ ನೋಡೋಣ. ಒಂದು ಹೆಣ್ಣಿನ 100 ಮೊಟ್ಟೆಗಳಲ್ಲಿ 75 ಹೆಣ್ಣಾದರೆ, ಅವುಗಳಲ್ಲಿ 55 ಸತ್ತು 20 ಮಾತ್ರ ಉಳಿದವೆಂದು ಇಟ್ಟುಕೊಳ್ಳಿ. ಒಂದು ತಲೆಮಾರಿಗೆ ಎರಡು ವಾರ ಎಂದು ಉದಾರವಾಗಿಯೇ ಎಣಿಸಿ. ಎರಡು ವಾರಕ್ಕೆ 20 ಹೆಣ್ಣು. ನಾಲ್ಕು ವಾರಕ್ಕೆ 400. ಆರು ವಾರಕ್ಕೆ 8,000. ಎಂಟು ವಾರಕ್ಕೆ 1,60,000. ಹಿಪ್ಪುನೇರಳೆಯನ್ನು ಕಟಾವು ಮಾಡಿದ ಮೇಲೆ ಮತ್ತೆ ಸೊಪ್ಪು ಕೈಗೆ ಬರಲು ಎರಡು ತಿಂಗಳಿಗೂ ಹೆಚ್ಚು ಕಾಲ ಬೇಕು. ಆ ಒಂದು ಬೆಳೆಯ ಅವಧಿಯೊಳಗೆ ನುಸಿಯ ನಾಲ್ಕು ತಲೆಮಾರುಗಳು ಮುಗಿದಿರುತ್ತವೆ. ಮಳೆ, ಆಹಾರದ ಕೊರತೆ, ಶತ್ರುಗಳು, ಇವು ಈ ಲೆಕ್ಕವನ್ನು ತಡೆಯದೆ ಇದ್ದಿದ್ದರೆ ಭೂಮಿಯ ಮೇಲೆ ಹಸುರೇ ಉಳಿಯುತ್ತಿರಲಿಲ್ಲ.

ಎಲ್ಲ ನುಸಿಗಳ ಬಾಳೂ ಒಂದೇ ತೆರನಲ್ಲ. ಮೆಣಸಿನಕಾಯಿ ಗಿಡದ ಎಲೆಗಳು ಕೆಳಮುಖವಾಗಿ ಮುದುಡುವಂತೆ ಮಾಡುವ ನುಸಿಯೊಂದಿದೆ. ಈಚಿನ ವರ್ಷಗಳಲ್ಲಿ ಅದು ಕರ್ನಾಟಕದ ಹಿಪ್ಪುನೇರಳೆಯ ಚಿಗುರನ್ನೂ ಹತ್ತಿದೆ. ಅದರ ಮೊಟ್ಟೆಯ ಮೇಲೆ ಬಿಳಿಯ ಗುಬುಟುಗಳು ಸಾಲುಸಾಲಾಗಿರುತ್ತವೆ. ಅದು ಬೆಚ್ಚನೆಯ ಹವೆಯಲ್ಲಿ ನಾಲ್ಕೈದು ದಿನಗಳಲ್ಲಿಯೇ ಪ್ರೌಢವಾಗುತ್ತದೆ. ಅದರ ಗಂಡು ಬರಿದೆ ಕಾವಲು ಕಾಯುವುದಿಲ್ಲ. ಜ್ವರದಲ್ಲಿರುವ ಹೆಣ್ಣನ್ನು ಬೆನ್ನಿನ ಹಿಂಭಾಗದಲ್ಲಿ ಹೊತ್ತುಕೊಂಡು ಹೊಸ ಚಿಗುರಿಗೆ ಸಾಗಿಸುತ್ತದೆ! ತೆಂಗಿನ ನುಸಿ ಇನ್ನೊಂದು ಬಗೆ. ಹುಳುವಿನಂತೆ ನೀಳವಾದ ದೇಹದ ಅದಕ್ಕೆ ನಾಲ್ಕೇ ಕಾಲು. ಮೆಕ್ಸಿಕೊ ದೇಶದ ಗೆರೆರೊ ಪ್ರಾಂತದಿಂದ ಬಂದ ಮಾದರಿಗಳನ್ನು ನೋಡಿ 1965ರಲ್ಲಿ ವಿಜ್ಞಾನಿಗಳು ಅದನ್ನು ಮೊದಲು ವರ್ಣಿಸಿದರು. ಅದು 1998ರ ಹೊತ್ತಿಗೆ ಕೇರಳದಲ್ಲಿ ಕಾಣಿಸಿಕೊಂಡು, ಕೆಲವೇ ವರ್ಷಗಳಲ್ಲಿ ಮೈಸೂರು, ಮಂಡ್ಯ, ತುಮಕೂರುಗಳ ತೋಟಗಳನ್ನು ಮುತ್ತಿತು. ಎಳೆಯ ಕಾಯಿಯ ತೊಟ್ಟಿನ ಹೊದಿಕೆಯೊಳಗೆ ಅಡಗಿ ರಸ ಹೀರುವ ಅದನ್ನು ಎಲೆಯ ತುಂಡಿನ ಮೇಲೆ ಸಾಕಲು ಆಗದು. ಹೀಗೆ ಪ್ರತಿಯೊಂದು ನುಸಿಗೂ ಅದರದೇ ಆದ ಕ್ರಮವನ್ನು ವಿಜ್ಞಾನಿಯು ಹುಡುಕಬೇಕಾಗುತ್ತದೆ.

ಇಷ್ಟೆಲ್ಲ ಶ್ರಮಪಟ್ಟು ದಿನ, ಗಂಟೆಗಳನ್ನು ಎಣಿಸುವುದರಿಂದ ರೈತನಿಗೆ ಏನು ಪ್ರಯೋಜನ? ಪ್ರಯೋಜನ ದೊಡ್ಡದು. ನುಸಿಯನ್ನು ಕೊಲ್ಲುವ ಅನೇಕ ಔಷಧಿಗಳು ಓಡಾಡುವ ನುಸಿಯನ್ನು ಕೊಂದರೂ ಮೊಟ್ಟೆಯನ್ನು ಕೊಲ್ಲಲಾರವು. ಒಮ್ಮೆ ಸಿಂಪಡಿಸಿ ಸುಮ್ಮನಾದರೆ ಉಳಿದ ಮೊಟ್ಟೆಗಳು ಮೂರು ನಾಲ್ಕು ದಿನಗಳಲ್ಲಿ ಒಡೆದು, ಎಂಟು ದಿನಗಳಲ್ಲಿ ಹೊಸ ತಾಯಂದಿರಾಗುತ್ತವೆ. ಆದ್ದರಿಂದ ಮೊಟ್ಟೆಗಳು ಒಡೆದ ಮೇಲೆ, ಆದರೆ ಮರಿಗಳು ತಾಯಾಗುವ ಮೊದಲು, ಎರಡನೆಯ ಉಪಚಾರ ನಡೆಯಬೇಕು. ಈ ದಿನವನ್ನು ಗೊತ್ತುಪಡಿಸುವುದು ಜೀವನಚಕ್ರದ ಲೆಕ್ಕವೇ.

ರೇಷ್ಮೆಯ ತೋಟದಲ್ಲಿ ಇನ್ನೊಂದು ತೊಡಕು ಉಂಟು. ನುಸಿಗೆ ಹಾಕಿದ ವಿಷ ರೇಷ್ಮೆಹುಳುವಿಗೂ ವಿಷವಾಗಬಹುದು. ಸಿಂಪಡಿಸಿದ ಸೊಪ್ಪನ್ನು ಗೊತ್ತಾದ ದಿನಗಳು ಕಳೆಯುವವರೆಗೆ ಹುಳುವಿಗೆ ಹಾಕುವಂತಿಲ್ಲ. ಅವಸರಪಟ್ಟರೆ ನುಸಿ ಉಳಿಸಿದ್ದನ್ನು ಔಷಧಿ ನುಂಗುತ್ತದೆ. ಇದಕ್ಕಿಂತ ಆಳವಾದ ಅಪಾಯವೂ ಇದೆ. ಗಂಡು ನುಸಿಯಲ್ಲಿ ವರ್ಣತಂತುಗಳು ಒಂದೊಂದೇ ಇರುವುದರಿಂದ, ವಿಷವನ್ನು ತಡೆದುಕೊಳ್ಳುವ ಗುಣವೊಂದು ಅದರಲ್ಲಿ ಮೂಡಿದರೆ ಅದನ್ನು ಮರೆಮಾಡುವ ಜೊತೆಯ ವರ್ಣತಂತು ಇರುವುದಿಲ್ಲ. ಆ ಗುಣವುಳ್ಳ ಗಂಡು ಬದುಕುತ್ತದೆ, ಉಳಿದವು ಸಾಯುತ್ತವೆ. ಎರಡು ವಾರಕ್ಕೊಂದು ತಲೆಮಾರು ಉರುಳುವಾಗ ವಿಷಕ್ಕೆ ಬಗ್ಗದ ಕುಲವೊಂದು ಬೇಗನೆ ಬೆಳೆದು ನಿಲ್ಲುತ್ತದೆ. 1945ರ ಅನಂತರ ಡಿ.ಡಿ.ಟಿ. ಮೊದಲಾದ ಕೀಟನಾಶಕಗಳು ಜಗತ್ತಿನಲ್ಲಿ ಹರಡಿದಂತೆ ನುಸಿಯ ಕಾಟ ಕಡಿಮೆಯಾಗುವ ಬದಲು ಹೆಚ್ಚಿತು. ಏಕೆಂದರೆ ಆ ವಿಷಗಳು ನುಸಿಗಿಂತ ಹೆಚ್ಚಾಗಿ ನುಸಿಯ ಶತ್ರುಗಳನ್ನು ಕೊಂದುವು.

ಆ ಶತ್ರುಗಳು ಯಾರು? ಕಪ್ಪು ಬಣ್ಣದ ಪುಟ್ಟ ಗುಲಗಂಜಿ ಹುಳು ಒಂದು. ಎಲ್ಲಕ್ಕಿಂತ ಮುಖ್ಯವಾದುದು ನುಸಿಯನ್ನೇ ತಿಂದು ಬದುಕುವ ಇನ್ನೊಂದು ಜಾತಿಯ ನುಸಿ. ಈ ಪರಭಕ್ಷಕ ನುಸಿಯು ಎಲೆಯನ್ನು ಮುಟ್ಟುವುದಿಲ್ಲ. ಎಲೆಯ ಮೇಲೆ ಚುರುಕಾಗಿ ಓಡಾಡಿ ಜೇಡನುಸಿಯ ಮೊಟ್ಟೆಮರಿಗಳನ್ನು ಹಿಡಿದು ಹೀರುತ್ತದೆ. ನಾಲ್ಕೈದು ದಿನಗಳಲ್ಲಿಯೇ ಅದು ಬೆಳೆಯುವುದರಿಂದ ಬೇಟೆಗಿಂತ ಬೇಟೆಗಾರನೇ ಬೇಗ. 1950ರ ದಶಕದ ಕೊನೆಯಲ್ಲಿ ಚಿಲಿ ದೇಶದಿಂದ ಜರ್ಮನಿಗೆ ತಂದ ಆರ್ಕಿಡ್ ಗಿಡಗಳ ಮೇಲೆ ಇಂಥದೊಂದು ನುಸಿ ದೊರೆಯಿತು. ಇಂದು ಅದನ್ನು ಅನೇಕ ದೇಶಗಳಲ್ಲಿ ರಾಶಿರಾಶಿಯಾಗಿ ಸಾಕಿ ಗಾಜಿನ ಮನೆಗಳ ತರಕಾರಿ ತೋಟಗಳಲ್ಲಿ ಬಿಡುತ್ತಾರೆ. ನಮ್ಮ ನೆಲದಲ್ಲಿಯೂ ಇದರ ಬಳಗದ ನುಸಿಗಳು ಸಹಜವಾಗಿಯೇ ಇವೆ. ಇವನ್ನು ಸಾಕಬೇಕಾದರೆ ಮೊದಲು ಇವುಗಳ ಆಹಾರವಾದ ಜೇಡನುಸಿಯನ್ನು ಸಾಕಬೇಕು. ತೋಟದಲ್ಲಿ ಬೇಡವಾದದ್ದು ಪ್ರಯೋಗಾಲಯದಲ್ಲಿ ಹೀಗೆ ಬೇಕಾದದ್ದಾಗುತ್ತದೆ.

ಈ ವಿದ್ಯೆಗೆ ಕನ್ನಡ ನಾಡು ಸಲ್ಲಿಸಿದ ಸೇವೆ ಸಣ್ಣದಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ದುಡಿದ ಜಿ. ಪಿ. ಚನ್ನಬಸವಣ್ಣನವರು ತೆಂಗಿನ ನುಸಿಯ ಬಳಗಕ್ಕೆ ಸೇರಿದ ಭಾರತೀಯ ನುಸಿಗಳನ್ನು ಕುರಿತು 1966ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ತೆಂಗಿನ ನುಸಿ ನಮ್ಮ ದೇಶದಲ್ಲಿ ಕಾಣಿಸಿಕೊಳ್ಳುವುದಕ್ಕೆ ಮೂರು ದಶಕಗಳ ಮೊದಲಿನ ಮಾತು ಇದು. 1986ರಲ್ಲಿ ನುಸಿವಿಜ್ಞಾನದ ಏಳನೆಯ ಅಂತರರಾಷ್ಟ್ರೀಯ ಸಮ್ಮೇಳನ ಬೆಂಗಳೂರಿನಲ್ಲಿಯೇ ನಡೆಯಿತು. 1961ರಲ್ಲಿ ಸ್ಥಾಪಿತವಾದ ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆಯು ಹಿಪ್ಪುನೇರಳೆಯ ಪೀಡೆಗಳನ್ನೂ ಅಭ್ಯಾಸ ಮಾಡುತ್ತ ಬಂದಿದೆ.

ಒಂದು ಸಾಮಾನ್ಯ ಭೂತಗನ್ನಡಿ ನಿಮ್ಮಲ್ಲಿದ್ದರೆ ಈ ಲೋಕದ ಬಾಗಿಲು ನಿಮಗೂ ತೆರೆದೀತು. ರಸ್ತೆಯ ದೂಳು ಕುಳಿತ ಬದನೆಯ ಗಿಡದಲ್ಲಿಯೋ, ಹರಳಿನ ಗಿಡದಲ್ಲಿಯೋ, ಹಿಪ್ಪುನೇರಳೆಯ ಬದಿಯ ಸಾಲಿನಲ್ಲಿಯೋ ಎಲೆಯೊಂದನ್ನು ಮಗುಚಿ ನೋಡಿ. ಮುತ್ತಿನಂಥ ಮೊಟ್ಟೆ, ಆರು ಕಾಲಿನ ಮರಿ, ಬೆಳ್ಳಿಯ ಪೊರೆ, ಕಾವಲಿಗೆ ಕುಳಿತ ಗಂಡು ಇವನ್ನು ಗುರುತಿಸಲು ಪ್ರಯತ್ನಿಸಿ. ಕಂಡದ್ದನ್ನು ದಿನಾಂಕದೊಡನೆ ಬರೆದಿಡಿ. ತೋಟವು ಹಳದಿಯಾದ ಮೇಲೆ ಔಷಧಿಗೆ ಓಡುವವನಿಗಿಂತ, ಮೊದಲ ಚುಕ್ಕೆಯನ್ನು ಕಂಡ ದಿನವೇ ಎಲೆಯನ್ನು ಮಗುಚಿ ನೋಡುವವನು ಹೆಚ್ಚು ಉಳಿಸುತ್ತಾನೆ. ಆ ಹೊತ್ತಿನಲ್ಲಿ ಕೆಟ್ಟ ಎಲೆಗಳನ್ನು ಕಿತ್ತು ಸುಡುವುದೋ, ನೀರನ್ನು ರಭಸದಿಂದ ಚಿಮ್ಮಿಸಿ ತೊಳೆಯುವುದೋ ಸಾಕಾಗಬಹುದು. ಎಂಟು ದಿನಗಳಲ್ಲಿ ಒಂದು ಬಾಳನ್ನು ಕಟ್ಟಿ ಮುಗಿಸುವ ಜೀವಿಯ ಮುಂದೆ ಒಂದು ವಾರದ ಅಲಕ್ಷ್ಯವೆಂದರೆ ಒಂದು ತಲೆಮಾರಿನ ಅಲಕ್ಷ್ಯ.